ಕಾರ್ಡಿನ ಮೊದಲ ಹೆಸರು

ಪಾಯಾಕುಂಬುಹ್,
೭ ಫೆಬ್ರವರಿ ೨೦೨೪

ಉಡಾ, ಸಲಾಂ. ಮದುವೆಯಾದಂದಿನಿಂದ ನಿಮ್ಮನ್ನು ಉಡಾ ಎಂದೇ ಕರೆದಿದ್ದೇನೆ. ಈ ವಯಸ್ಸಿನಲ್ಲಿ ಬೇರೆ ಹೆಸರು ಹುಡುಕಲಾರೆ.

ಚಿಕಿತ್ಸಾಲಯದ ವಿಳಾಸಕ್ಕೆ ನನ್ನ ಪತ್ರ ಬಂತೆಂದು ಹುಬ್ಬೇರಿಸಬೇಡಿ. ನಾನು ಯಾರ ಹತ್ತಿರವೂ ವಿಚಾರಿಸಲಿಲ್ಲ.

ನೀವು ಹೋದ ಮೇಲೆ ಕಾನೂನು ಬಂತು: ಎಲ್ಲರೂ ಆರೋಗ್ಯ ವಿಮೆ ಮಾಡಿಸಲೇಬೇಕು, ಮನೆ ಕಾರ್ಡಿನಲ್ಲಿ ಹೆಸರಿರುವವರೆಲ್ಲ ಒಟ್ಟಿಗೆ. ನನ್ನದೂ ಮಗಳು ಯೆಲ್ಮಿಯದೂ ಬರೆಸಲು ಹೋದೆ. ವಿಮೆ ಕಚೇರಿಯ ಕೌಂಟರಿನ ಹುಡುಗಿ ಕಾರ್ಡು ನೋಡಿ, "ಅಮ್ಮಾ, ಮೊದಲ ಹೆಸರನ್ನೇ ಬಿಟ್ಟಿದ್ದೀರಲ್ಲ, ಯಜಮಾನ್ರದ್ದು?" ಎಂದಳು.

"ಅವರೇ ನಮ್ಮನ್ನ ಬಿಟ್ಟಿರೋದು" ಎಂದೆ.

"ಹಾಗಾದ್ರೆ ತಲಾಖ್ ಪತ್ರ ತನ್ನಿ, ಇಲ್ಲಾಂದ್ರೆ ಮರಣ ಪತ್ರ. ಎರಡೂ ಇಲ್ವಾ? ಅವರದೂ ಕಟ್ಟಿ."

ಹಿಂದೆ ನಿಂತಿದ್ದ ಮೀನು ಮಾರುವ ನುರ್ಬೈತಿ, "ಕಟ್ಟೇ ರೋಸ್, ಗಂಡ ಓಡಿಹೋದ್ರೂ ಕಂತು ಓಡಿಹೋಗಲ್ಲ!" ಎಂದು ಸಾಲನ್ನೆಲ್ಲ ನಗಿಸಿದಳು. ಕಟ್ಟಿದೆ. ಕಾನೂನಿಗೆ ತಲೆಬಾಗಿ, ಅಷ್ಟೇ.

ಯೆಲ್ಮಿ ಪ್ರತಿ ಈದಿಗೂ ಜಗಳ ತೆಗೆಯುತ್ತಾಳೆ: "ಕೋರ್ಟಿಗೆ ಹೋಗಿ ಅಪ್ಪನ ಹೆಸರು ತೆಗೆಸಮ್ಮ, ಇನ್ನೂ ಯಾಕೆ?" ಒಲೆ ಮೇಲಿನ ಗಲಾಮಾಯ್ ಸಿಹಿ ತಳ ಹಿಡಿಯುತ್ತೆ, ಸೌಟು ತಿರುಗಿಸು ಎಂದು ಅವಳ ಬಾಯಿ ಮುಚ್ಚಿಸುತ್ತೇನೆ.

ಮೊನ್ನೆ ಕಂತು ಕಟ್ಟಲು ಹೋದಾಗ ಅದೇ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದಳು: "ಅಮ್ಮಾ, ನಿಮ್ಮ ಯಜಮಾನ್ರು ದುಮಾಯಿ ಊರಿನ ಚಿಕಿತ್ಸಾಲಯಕ್ಕೆ ಬದಲಾಯಿಸಿಕೊಂಡಿದ್ದಾರೆ. ಬಿಪಿ ಮಾತ್ರೆ, ತಿಂಗಳು ತಿಂಗಳೂ."

ಇದ್ದೀರೋ ಇಲ್ಲವೋ ತಿಳಿಯದೆ ಇಷ್ಟು ವರ್ಷ ಕಟ್ಟಿದ್ದೆ. ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಅವತ್ತು ಮಂಡಿ ನೋವಿತ್ತು.

ಗುರುತಿನ ಸಂಖ್ಯೆ ಕೊಟ್ಟಾಗ ನಿಮಗೆ ವಿಮೆ ಇದೆಯೆಂದು ಅಲ್ಲಿನವರು ಹೇಳಿರಬೇಕು. ಯಾರು ಕಟ್ಟುತ್ತಿದ್ದಾರೆಂದು ಕೇಳಿದಿರಾ? ಬಿಪಿ ಇದ್ದವರು ಉಪ್ಪುಮೀನು ಮುಟ್ಟಬಾರದು. ಅಲ್ಲಿ ನಿಮಗೆ ಬೇಯಿಸಿ ಹಾಕುವವರು ಯಾರು ಎಂದು ಕೇಳುವವಳು ನಾನಲ್ಲ.

ನಮ್ಮಲ್ಲಿ ಮನೆ ಹೆಂಗಸಿನದು, ಗಂಡ ಬರುವವನು. ಬರುವವನನ್ನು ಬಾ ಎಂದು ಕರೆಯುವ ಪದ್ಧತಿ ನನ್ನ ತಾಯಿಗೂ ಇರಲಿಲ್ಲ. ಆದ್ದರಿಂದ ಕರೆಯುತ್ತಿಲ್ಲ.

ಸರ್ಕಾರದ ಪ್ರಕಾರ ಇನ್ನೂ ನಿಮ್ಮ ಹೆಂಡತಿಯಾದ
ರೋಸ್ಮಾನಿಯಾರ್

ಮತ್ತೊಂದು ಮಾತು: ನಿಮ್ಮ ಚಿಕಿತ್ಸಾಲಯವನ್ನು ನಿನ್ನೆ ಮತ್ತೆ ನಮ್ಮೂರಿಗೇ ಬದಲಾಯಿಸಿ ಬಂದಿದ್ದೇನೆ. ಮಾರ್ಚ್ ಒಂದರಿಂದ ನಿಮ್ಮ ಮಾತ್ರೆ ಇಲ್ಲೇ ಸಿಗುವುದು, ಅಲ್ಲಿ ಸಿಗದು. ಅಷ್ಟರೊಳಗೆ ಅಲ್ಲಿಯದನ್ನು ತಪ್ಪದೆ ತೆಗೆದುಕೊಳ್ಳಿ. ದೂರದ ದಾರಿ, ಮಾತ್ರೆ ಜೇಬಿನಲ್ಲಿಲ್ಲದೆ ಬಸ್ಸು ಹತ್ತಬೇಡಿ.