ನೀವು ಕಳಿಸಿದ ಎರಡು ತುಂಡು ಮಾಂಸ

ಅಲಯನ್ಸ್, ನೆಬ್ರಾಸ್ಕಾ
೧೪ ಮಾರ್ಚ್ ೧೯೯೮

ಪ್ರೀತಿಯ ವರ್ನೀಸ್ ಅತ್ತಿಗೆಗೆ,

ನಿಮ್ಮ ಎರಡು ಕಾಗದಗಳೂ ಬಂದು ಅಡುಗೆಮನೆ ಮೇಜಿನ ಮೇಲೆ ಕೂತು ನನ್ನ ಮುಖ ನೋಡುತ್ತಿವೆ. ಉತ್ತರ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಫೋನ್ ಮಾಡೋಣವೆಂದರೆ ನಿಮಗೆ ಕಿವಿ ಕೇಳುವುದಿಲ್ಲ, ಬೀದಿಗೆಲ್ಲ ಕೇಳುವಂತೆ ಕಿರುಚಿ ಹೇಳುವ ಸುದ್ದಿಯೂ ಇದಲ್ಲ.

ಮೊದಲು ಮುಖ್ಯವಾದದ್ದು. ಆಪರೇಷನ್ ಆಯಿತು, ನಿಮ್ಮ ತಮ್ಮ ಬದುಕಿದ್ದಾನೆ. ನಾಲಿಗೆ ಪೂರ್ತಿ ತೆಗೆದರು. ಸ್ವಲ್ಪವಾದರೂ ಉಳಿಸಲು ನೋಡುತ್ತೇವೆ ಅಂದಿದ್ದ ಡಾಕ್ಟರು ಹೊರಗೆ ಬಂದು, ಆಗಲಿಲ್ಲಮ್ಮ ಅಂದರು. ಈಗ ಮೂಗಿನ ನಳಿಕೆಯಲ್ಲಿ ಗಂಜಿಯಂಥದ್ದೇನೋ ಬಿಡುತ್ತಾರೆ. ಇನ್ನು ಮಾತಿಲ್ಲ. ರೈಲ್ವೆ ಯಾರ್ಡಿನಲ್ಲಿ ಆ ತುದಿಯಿಂದ ಈ ತುದಿಗೆ ಕೇಳುವ ಹಾಗೆ ಕೂಗುತ್ತಿದ್ದ ಮನುಷ್ಯ, ಮಡಿಲಲ್ಲಿ ಸ್ಲೇಟು ಇಟ್ಟುಕೊಂಡು ಶಾಲೆ ಹುಡುಗನ ಹಾಗೆ ಕೂತಿರುತ್ತಾನೆ. ನೋಡಲಾಗುವುದಿಲ್ಲ ಅತ್ತಿಗೆ. ಬಟ್ಟೆಬರೆ ಒಯ್ಯಲು ನಿನ್ನೆ ಓಮಾಹದಿಂದ ಬಂದೆ, ನಾಳೆ ಮತ್ತೆ ಹೊರಡಬೇಕು.

ಮಾಂಸ ಹೇಗಿತ್ತು ಅಂತ ಎರಡು ಕಾಗದದಲ್ಲೂ ಕೇಳಿದ್ದೀರಿ. ನಿಮ್ಮ ಮನೆಯದೇ ಹೋರಿಯನ್ನು ಕಡಿಸಿ, ಅದರಲ್ಲಿ ಒಳ್ಳೆಯದೇ ಎರಡು ತುಂಡು ಆರಿಸಿ, ಹಿಮದಲ್ಲಿ ಅಷ್ಟು ದೂರ ಕಳಿಸಿದ ನಿಮಗೆ ಕೇಳುವ ಹಕ್ಕಿದೆ.

ಆಪರೇಷನ್ ದಿನ ಗೊತ್ತಾದ ಮೇಲೆ ಡೆಲ್ಮರ್ ಕೇಳಿದ್ದು ಅದೊಂದೇ. ಪಾದ್ರಿಯನ್ನು ಕರೆಸಲಾ ಅಂದೆ. "ಪಾದ್ರಿ ಬೇಡ ಕಣೆ. ಒಂದು ಸ್ಟೇಕ್ ಮಾಡ್ಹಾಕು. ನಾಲಿಗೆ ಇರೋವಾಗ್ಲೇ ಒಂದ್ಸಲ ಸರಿಯಾಗಿ ತಿಂದ್ಬಿಡ್ತೀನಿ" ಅಂದ. ಶರತ್ಕಾಲದಲ್ಲಿ ಕ್ಯಾನ್ಸರ್ ಸುಡಲು ಕರೆಂಟು ಕೊಟ್ಟಾಗ ಬಾಯಿಯ ರುಚಿಯೆಲ್ಲ ಸುಟ್ಟುಹೋಗಿತ್ತು, ನಿಮಗೆ ಗೊತ್ತೇ ಇದೆ. ಕ್ರಿಸ್‌ಮಸ್ ಹೊತ್ತಿಗೆ ಒಂದು ದಿನ ಲೋಟ ಕೆಳಗಿಟ್ಟು, "ಆರ್ಡಿಸ್, ಕಾಫಿ ಕಾಫಿ ತರಾನೇ ಇದೆ ಇವತ್ತು" ಅಂದಾಗ ನಾನು ಕುಣಿದಾಡಿದ್ದೆ. ಅದಕ್ಕೇ ಈ ಆಸೆ. ಆ ಒಂದು ಊಟ ಕೆಡಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು.

ಆದರೆ ಸ್ಟೇಕ್ ಮಾಡಲು ನನಗೆಲ್ಲಿ ಬರುತ್ತದೆ? ಈ ಮನೆಯಲ್ಲಿ ಅದು ಅವನ ಕೆಲಸ. ಆಲೂಗಡ್ಡೆ, ಬೀನ್ಸ್, ಪೈ ನನ್ನದು. ನಮ್ಮಪ್ಪನ ಮನೆಯಲ್ಲಿ ಮಾಂಸವನ್ನು ಚಪ್ಪಲಿ ಅಟ್ಟೆಯ ಹಾಗೆ ಬೇಯಿಸುತ್ತಿದ್ದೆವು. "ನಿಮ್ಮ ಮನೇಲಿ ದನಾನ ಎರಡೆರಡು ಸಲ ಸಾಯಿಸ್ತೀರಿ" ಅಂತ ಮದುವೆಗೆ ಮುಂಚೆಯೇ ನಮ್ಮಪ್ಪನ ಎದುರಿಗೇ ಅಂದವನು ನಿಮ್ಮ ತಮ್ಮ. ಈಗ ನೋಡಿದರೆ ಅವನಿಗೆ ನಿಂತರೆ ತಲೆ ಸುತ್ತು, ನಿಮ್ಮ ಅಮ್ಮನ ಆ ಕಬ್ಬಿಣದ ಬಾಣಲೆ ಎತ್ತಲು ಕೈಯಲ್ಲಿ ಕಸುವಿಲ್ಲ. ಅಂಗಳದ ಕೆಂಡದೊಲೆ ಹಿಮದಲ್ಲಿ ಹೂತುಹೋಗಿದೆ. ಹಾಗಾಗಿ ನನ್ನ ಕೈ, ನನ್ನ ಗ್ಯಾಸ್ ಒಲೆ, ಅವನ ಬಾಯಿಮಾತು.

ಬಾಣಲೆ ವಿಷಯ ನಾನೇ ಹೇಳಿಬಿಡುತ್ತೇನೆ, ಬೈದರೆ ಬೈಯಿರಿ. ಅವನ ಬಾಯಲ್ಲಿ ಹುಣ್ಣು, ಪಾತ್ರೆಗಳೆಲ್ಲ ಶುಚಿಯಾಗಿರಲಿ ಅಂತ ಡಾಕ್ಟರು ಅಂದಿದ್ದರಲ್ಲ, ನಾನು ಮಹಾ ಜಾಣೆ, ಅದನ್ನೂ ಸೋಪು ಹಾಕಿ ತಂತಿನಾರಿನಲ್ಲಿ ತಿಕ್ಕಿಬಿಟ್ಟೆ. ನಿಮ್ಮ ಅಮ್ಮ ಎಷ್ಟೋ ವರ್ಷ ಪಳಗಿಸಿದ ಕಪ್ಪೆಲ್ಲ ಹೋಗಿ ಬೂದಿ ಬಣ್ಣಕ್ಕೆ ಬಂತು. ಅವನು ನೋಡಿದವನೇ, "ಅಯ್ಯೋ ಪಾಪಿ, ಏನೇ ಮಾಡ್ದೆ! ನಮ್ಮಮ್ಮನ ಚರ್ಮ ಸುಲಿದ್ಬಿಟ್ಯಲ್ಲೇ!" ಅಂದ. ನಾನು ಅಳಲು ಶುರು ಮಾಡಿದೆ. ಆಮೇಲೆ ಅವನೇ ಒಲೆ ಪಕ್ಕ ಕುರ್ಚಿ ಎಳೆಸಿಕೊಂಡು, ಹಂದಿಕೊಬ್ಬು ಸವರುವುದು, ಹೊಗೆ ಬರುವತನಕ ಕಾಯಿಸುವುದು, ಒರೆಸುವುದು, ಮತ್ತೆ ಸವರುವುದು, ಮಧ್ಯಾಹ್ನವೆಲ್ಲ ಅದೇ ಮಾಡಿದ. ಬೆವರು ಸುರಿಯುತ್ತಿತ್ತು. ಸಾಕು ಬಿಡೋ ಅಂದರೆ ಕೇಳಲಿಲ್ಲ. ಸಂಜೆಗೆ ಬಾಣಲೆ ಮತ್ತೆ ಕಪ್ಪಾಯಿತು.

ಮಾರನೇ ದಿನವೇ ಊಟ, ಅದರ ಮಾರನೇ ದಿನ ಓಮಾಹಕ್ಕೆ ಹೊರಡುವುದು. ಸ್ಟೇಕಿಗೆ ಉಪ್ಪು ಬೆಳಿಗ್ಗೆಯೇ ಬೀಳಬೇಕು, ತಟ್ಟೆಗೆ ಬಂದ ಮೇಲೆ ಉಪ್ಪು ಕೇಳುವವನು ಅಡುಗೆಯವಳ ಮುಖಕ್ಕೆ ಉಗಿದ ಹಾಗೆ ಅನ್ನುವುದು ನಿಮ್ಮ ಮನೆಯ ಕಾನೂನು ತಾನೇ? ಎದ್ದವಳೇ ಮಾಂಸವನ್ನು ಒರೆಸಿ ತಟ್ಟೆಯಲ್ಲಿಟ್ಟು, ಉಪ್ಪಿನ ಡಬ್ಬಿ ಹಿಡಿದಿದ್ದೆ, ಆಸ್ಪತ್ರೆಯಿಂದ ಫೋನು. ಯಾವ ಬಾಗಿಲಿಂದ ಬರಬೇಕು, ಮಾತು ಹೋದ ಮೇಲೆ ಬರೆದು ತೋರಿಸಲು ಏನು ತರಬೇಕು ಅಂತ ಆ ಹುಡುಗಿ ನಯವಾಗಿ ಹೇಳುತ್ತಿದ್ದಳು. ನಾನು ಹೂಂ ಹೂಂ ಅಂದೆ. ಆಮೇಲೆ ಮಾಂಸವನ್ನು ಫ್ರಿಜ್ಜಿಗಿಟ್ಟು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸಂಜೆ ಅವನು ಒಲೆ ಪಕ್ಕ ಕೂತ, ಕೈಯಲ್ಲಿ ಮುಳ್ಳುಚಮಚ, ಬ್ಯಾಂಡ್ ಮೇಷ್ಟ್ರ ಹಾಗೆ. ಮಾತು ಆಗಲೇ ತೊದಲು, ನನಗೆ ಮಾತ್ರ ಅರ್ಥವಾಗುವಂಥದ್ದು.

"ಹಾಕ್ಲಾ?"

"ಇನ್ನೂ ಕಾಯ್ಲಿ."

"ಹೊಗೆ ಬರ್ತಿದೆ ಕಣೋ!"

"ಬರ್ಲಿ. ಹೂಂ, ಈಗ. ನಿನ್ನ ಕಡೆ ಅಲ್ಲ, ಆ ಕಡೆಗೆ ಮಲಗ್ಸು. ಕೈ ತೆಗಿ. ಮುಟ್ಬೇಡ. ಮುಟ್ಬೇಡ ಅಂದ್ನಲ್ಲ!"

ಅಷ್ಟರಲ್ಲಿ ಗೋಡೆಯ ಹೊಗೆಗಂಟೆ ಬಡಿದುಕೊಳ್ಳಲು ಶುರುವಾಯಿತು. ಪಕ್ಕದ ಮನೆಯ ಮಾರ್ವ್ ಹಿಮ ಎತ್ತುವ ಸಲಿಕೆ ಸಮೇತ ಒಳಗೆ ನುಗ್ಗಿ, "ಏನ್ ಆರ್ಡಿಸ್, ಮನೆ ಸುಡ್ತಿದ್ಯೋ, ಗಂಡನ್ನೋ?" ಅಂದ.

ಡೆಲ್ ಏನೋ ಗೊಣಗಿದ. ನಾನೇ ಬಿಡಿಸಿ ಹೇಳಬೇಕಾಯಿತು: "ಎರಡೂ ಅಲ್ವಂತೆ. ಮದ್ವೆಯಾಗಿ ನಲವತ್ತು ವರ್ಷಕ್ಕೆ ಹೆಂಡ್ತಿ ಅಡುಗೆ ಕಲೀತಿದಾಳಂತೆ." ಮಾರ್ವ್ ನಗಲು ಹೋಗಿ, ಡೆಲ್‌ನ ಕುತ್ತಿಗೆಯ ಬಾವು ನೋಡಿ, ಕಿಟಕಿ ತೆಗೆದುಕೊಟ್ಟು ಹೊರಟುಹೋದ.

ಮಗುಚಿ ಹಾಕಿದೆ, ಬೆಣ್ಣೆ ಹಾಕಿ ಚಮಚದಲ್ಲಿ ಮೇಲೆ ಮೇಲೆ ಸುರಿದೆ. ಬೆಂದದ್ದು ಹೇಗೆ ಗೊತ್ತಾಗುವುದು ಅಂದೆ. ಅವನು ನನ್ನ ಕೈ ಹಿಡಿದು, ಹೆಬ್ಬೆರಳಿನ ಬುಡದ ಮೆತ್ತನೆ ಜಾಗವನ್ನು ಒತ್ತಿದ. "ಇಷ್ಟು ಮೆತ್ತಗಿದ್ರೆ ಹಸಿ." ಹೆಬ್ಬೆರಳು, ನಡುಬೆರಳು ಸೇರಿಸಿ ಹಿಡಿಸಿ ಮತ್ತೆ ಒತ್ತಿದ. "ಇದು ನಂದು." ಕಿರುಬೆರಳಿಗೆ ಸೇರಿಸಿದ. "ಇದು ನಿಮ್ಮಪ್ಪಂದು." ಕೈ ಬಿಡಲಿಲ್ಲ. ಮಾಂಸ ಕರಕಲಾಗುತ್ತದೋ ಅಂತ ನಾನೇ ಬಿಡಿಸಿಕೊಂಡೆ, ಅತ್ತಿಗೆ. ಯಾಕೆ ಬಿಡಿಸಿಕೊಂಡೆನೋ.

ತಟ್ಟೆ ಮುಚ್ಚಿಟ್ಟು ಸ್ವಲ್ಪ ಹೊತ್ತು ಕಾದೆವು. "ಅದೂ ಸುಧಾರಿಸ್ಕೊಳ್ಲಿ" ಅಂದ. ಕುಯ್ದಾಗ ಒಳಗೆ ಅವನಿಗೆ ಬೇಕಾದಷ್ಟೇ ಕೆಂಪು. ಉಗುರಿನಷ್ಟು ತುಂಡು ಮಾಡಿಕೊಂಡು, ಕಣ್ಣು ಮುಚ್ಚಿ, ಒಂದೊಂದನ್ನೂ ಅಗಿದ. ನುಂಗುವಾಗಲೆಲ್ಲ ಮೇಜಿನ ಅಂಚು ಹಿಡಿದುಕೊಳ್ಳುತ್ತಿದ್ದ. ಆದರೂ ಅರ್ಧಕ್ಕಿಂತ ಹೆಚ್ಚು ತಿಂದ. "ಹೇಗಿದೆ ಹೇಳೋ" ಅಂದೆ, ತಡೆಯಲಾಗದೆ.

"ಉಪ್ಪು ಹದವಾಗಿ ಬಿದ್ದಿದೆ ಕಣೆ. ನಮ್ಮಮ್ಮನ ಕೈ ಬಂತು ನಿಂಗೆ" ಅಂದ.

ನನ್ನ ತಟ್ಟೆಯನ್ನು ನಾನು ಮುಟ್ಟಲಿಲ್ಲ. ಅವನು ತಿನ್ನುವುದನ್ನೇ ನೋಡುತ್ತ ಕೂತಿದ್ದೆ. ನನ್ನ ತುಂಡನ್ನು ಕಾಗದದಲ್ಲಿ ಸುತ್ತಿ, ಪ್ರಯಾಣಕ್ಕಿರಲಿ ಅಂತ ಎತ್ತಿಟ್ಟೆ.

ಮೊನ್ನೆ ಎಚ್ಚರವಾಗಿ ಕೈಗೆ ಬಲ ಬಂದ ಮೇಲೆ ಸ್ಲೇಟು ಕೇಳಿ, ಮೊದಲು ಬರೆದದ್ದು ಇದು: 'ಅಕ್ಕನಿಗೆ ತಿಳಿಸು, ಮಾಂಸ ಚೆನ್ನಾಗಿತ್ತು.' ಅವನ ಮಾತು ತಲುಪಿಸಿದ್ದೇನೆ. ನಿಮ್ಮ ಹೋರಿಗೂ, ನಿಮಗೂ ಅವನ ಪರವಾಗಿ ಕೃತಜ್ಞತೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡಿ, ಹಿಮ ಕರಗುವತನಕ ಕೊಟ್ಟಿಗೆಗೆ ಒಬ್ಬರೇ ಹೋಗಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಮ್ಮಿಬ್ಬರ ಹೆಸರನ್ನೂ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳಿ, ನನಗೀಗ ಪ್ರಾರ್ಥನೆ ಮಾಡಲು ಕೂತರೆ ಸಿಟ್ಟು ಬರುತ್ತದೆ.

ನಿಮ್ಮ ಪ್ರೀತಿಯ
ಆರ್ಡಿಸ್

ತಾ.ಕ.: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಆಪರೇಷನ್ನಿಗೆ ಅವನನ್ನು ಒಳಗೆ ಕರೆದುಕೊಂಡು ಹೋದ ಮೇಲೆ, ಹೊರಗಿನ ಬೆಂಚಿನ ಮೇಲೆ ಕೂತು ಆ ಕಾಗದದ ಪೊಟ್ಟಣ ಬಿಚ್ಚಿ ಒಂದು ಚೂರು ಬಾಯಿಗಿಟ್ಟುಕೊಂಡೆ. ಉಪ್ಪೇ ಇರಲಿಲ್ಲ ಅತ್ತಿಗೆ. ಒಂದು ಹರಳೂ ಇಲ್ಲ. ನಿನ್ನೆ ಮನೆಗೆ ಬಂದು ನೋಡಿದರೆ ಉಪ್ಪಿನ ಡಬ್ಬಿ ಫೋನಿನ ಪಕ್ಕದಲ್ಲಿ, ಮುಚ್ಚಳ ಕೂಡ ತೆಗೆದಿಲ್ಲ. ಅವನ ನಾಲಿಗೆಗೆ ರುಚಿ ವಾಪಸು ಬಂದೇ ಇರಲಿಲ್ಲವೋ, ಕಾಫಿ ಮಾತೂ ನನ್ನನ್ನು ನಗಿಸಲು ಅಂದದ್ದೋ, ಇಲ್ಲ ಎಲ್ಲ ಗೊತ್ತಾಗಿ, ಸಪ್ಪೆ ಮಾಂಸವನ್ನು ನೋವು ತಿನ್ನುತ್ತ ನನಗೋಸ್ಕರ ನುಂಗಿದನೋ, ತಿಳಿಯದು. ಸ್ಲೇಟು ಅವನ ಮಡಿಲಲ್ಲೇ ಇದೆ, ಕೇಳಿದರೆ ಬರೆದಾನು. ನಾನು ಕೇಳಲಿಲ್ಲ. ನೀವು ಬಂದಾಗ ಅವನು ಆ ಊಟದ ವಿಷಯ ಬರೆದು ತೋರಿಸಿದರೆ, ಹೌದಂತೆ, ಆರ್ಡಿಸ್ ಹೇಳಿದಳು, ತುಂಬ ಚೆನ್ನಾಗಿತ್ತಂತೆ ಅನ್ನಿ.