ಚೀತಾದ ಹಿಂದೆ ಸ್ಕೂಟರ್

ಅಪ್ಪಾ,

"ನನ್ನ ಮಗಳು ಚೀತಾ" ಎಂದು ಬಸವೇಶ್ವರನಗರಕ್ಕೆಲ್ಲ ಹೇಳಿಕೊಂಡು ಬರುತ್ತೀರಲ್ಲ, ಆ ಚೀತಾ ಹೇಗೆ ಓಡುತ್ತದೆ ಅಂತ ಎಂದಾದರೂ ನೋಡಿದ್ದೀರಾ? ಅರ್ಧ ನಿಮಿಷವೂ ಓಡುವುದಿಲ್ಲ. ಆಮೇಲೆ ಏದುಸಿರು ಬಿಡುತ್ತಾ ಬಿದ್ದುಕೊಳ್ಳುತ್ತದೆ. ಹಿಡಿದ ಜಿಂಕೆಯನ್ನು ತಿನ್ನಲೂ ತ್ರಾಣ ಇರುವುದಿಲ್ಲ. ನನ್ನದೂ ನೂರು ಮೀಟರ್ ಓಟ. ಆದರೆ ಚೀತಾದ ಹಿಂದೆ ಯಾರೂ ಸ್ಕೂಟರಿನಲ್ಲಿ ಬಂದು, "ಇನ್ನೊಂದು ರೌಂಡ್ ಓಡಮ್ಮ, ನಿಲ್ಬೇಡ!" ಎಂದು ಹಾರ್ನ್ ಹೊಡೆಯುವುದಿಲ್ಲ. ಇವತ್ತು ನಿಮ್ಮ ಹಾರ್ನ್ ಕೇಳಿ ಹಾಲಿನ ಬೂತಿನವರೆಲ್ಲ ನಿಂತು ನಕ್ಕರು.

ಗಂಡು ಚೀತಾ ತನ್ನ ಮರಿಗಳ ಹತ್ತಿರ ಸುಳಿಯುವುದೇ ಇಲ್ಲವಂತೆ. ನೀವು ಅಷ್ಟೆಲ್ಲ ದೂರ ಇರುವುದು ಬೇಡ. ನಾಳೆಯೂ ಬನ್ನಿ, ಸ್ಕೂಟರ್ ಮನೆಯಲ್ಲೇ ಇರಲಿ. ನೀವೂ ನನ್ನ ಜೊತೆ ಓಡಿ. ನಿಮಗೆ ಸುಸ್ತಾದ ಕಡೆ ಇಬ್ಬರೂ ಕೂರೋಣ.

ಮೊಣಕಾಲಿಗೆ ಐಸ್ ಇಟ್ಟುಕೊಂಡು ಕೂತಿರುವ,
ಸಿಂಚನ