ಮಗು ಹುಷಾರು

ಮನೆ, ಹೊಲಿಗೆ ಮಿಷಿನ್ನಿನ ಮುಂದೆ
ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ

ರೀ,

ಪ್ರೀತಿಯ ಎಂದು ಶುರು ಮಾಡಿದರೆ ನೀವು ನಗುತ್ತೀರಿ, ಅದಕ್ಕೇ ಎಂದಿನ ಹಾಗೆ ಕರೆದುಬಿಟ್ಟೆ. ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಸೇತುವೆಯ ಕಂಬ ಹತ್ತುವಾಗ ಬೆಲ್ಟ್ ಕಟ್ಟಿಕೊಳ್ಳುತ್ತೀರಿ ತಾನೆ? ಸಿಮೆಂಟಿನ ಧೂಳಿಗೆ ಕೆಮ್ಮು ಹತ್ತಿದೆ ಎಂದಿರಿ, ಮೂಗಿಗೆ ಕಟ್ಟಿಕೊಳ್ಳಲೆಂದು ನಾನು ಹೊಲಿದು ಕಳಿಸಿದ ಬಟ್ಟೆಯಲ್ಲಿ ಊಟದ ಡಬ್ಬಿ ಒರೆಸುತ್ತಿದ್ದೀರೆಂದು ನಿಮ್ಮ ಲಾರಿ ಡ್ರೈವರ್ ಬಾಯಿಬಿಟ್ಟಿದ್ದಾನೆ. ಮನೆಗೆ ಬನ್ನಿ, ವಿಚಾರಿಸಿಕೊಳ್ಳುತ್ತೇನೆ. ಅವನು ಸಂಜೆಯೊಳಗೆ ಸಾಮಾನು ತುಂಬಿಕೊಂಡು ನಿಮ್ಮ ಕಡೆ ಹೊರಡುತ್ತಾನಂತೆ, ಹೋಗುವಾಗ ಕೆಳಗೆ ನಿಂತು ಹಾರನ್ ಹೊಡೀತೀನಕ್ಕ ಎಂದಿದ್ದಾನೆ. ಅಷ್ಟರೊಳಗೆ ಇದನ್ನು ಮುಗಿಸಬೇಕು. ಫೋನಿರುವಾಗ ಪತ್ರ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡಿ. ಇರುವುದು ಎರಡೇ ಕೋಣೆ, ಫೋನ್ ಹಿಡಿದರೆ ಸಾಕು ಚಿಣ್ಣಿ ಬಾಗಿಲ ಹಿಂದೆ ಬಂದು ನಿಂತಿರುತ್ತಾಳೆ. ನಿಮ್ಮ ಮಗಳ ಕಿವಿ ನಿಮಗೆ ಗೊತ್ತಲ್ಲ, ಪಕ್ಕದ ಮನೆಯಲ್ಲಿ ಪಿಸುಗುಟ್ಟಿದ್ದೂ ಅವಳಿಗೆ ಕೇಳುತ್ತದೆ. ಅವಳು ಕೇಳಬಾರದ ಮಾತಿದು. ಮೊದಲೇ ಹೇಳಿಬಿಡುತ್ತೇನೆ, ಅವಳು ಈಗ ಇಲ್ಲೇ ನನ್ನ ಪಕ್ಕದಲ್ಲಿ, ಪರದೆ ಬಟ್ಟೆಯ ರಾಶಿಯ ಮೇಲೆ ಮಲಗಿದ್ದಾಳೆ. ಉಸಿರಾಡುತ್ತಿದ್ದಾಳೆ. ಇದನ್ನು ಬರೆಯುತ್ತಾ ಎರಡು ಸಲ ಬಗ್ಗಿ ನೋಡಿದೆ. ಹೆದರಬೇಡಿ ಎಂದು ಬರೆಯೋಣವೆಂದರೆ ನನಗೇ ಹೆದರಿಕೆ.

ನೀವು ಹೊರಟಾಗ ಅವಳು ಹೇಗಿದ್ದಳು ಎಂಬುದು ನಿಮ್ಮ ಕಣ್ಣಿನಲ್ಲಿ ಇನ್ನೂ ಇರಬೇಕು. ಬೆಳಿಗ್ಗೆ ಶಾಲೆಯ ಚೀಲ ಕಂಡರೆ ಹೊಟ್ಟೆನೋವು. ಶಾಲೆಯಲ್ಲಿ ಬಚ್ಚಲಿಗೆ ಹೋಗಲು ಹೆದರಿ ಸಂಜೆಯವರೆಗೆ ತಡೆದುಕೊಂಡು, ಮನೆಯ ಮೆಟ್ಟಿಲ ಮೇಲೆ ಒದ್ದೆಯಾಗಿ ನಿಂತು ಅಳುತ್ತಿದ್ದಳು. "ಅಪ್ಪ ನೀರಿಗೆ ಬೀಳಲ್ಲ ಅಲ್ವಾ?" ಎಂದು ಕೇಳುವುದು, ಇಲ್ಲ ಎಂದರೆ ಬಾಯಿ ಮುಚ್ಚುವುದರೊಳಗೆ ಮತ್ತೆ ಅದೇ ಪ್ರಶ್ನೆ. ಅವಳೇ ಹೆಸರಿಟ್ಟಿದ್ದಳಲ್ಲ, ಮಾತಾಡಿಸುವ ಮೇಡಂ ಮಾತಿನ ಡಾಕ್ಟರು, ಔಷಧಿ ಕೊಡುವವರು ಮಾತ್ರೆ ಡಾಕ್ಟರು. ಮಾತಿನ ಡಾಕ್ಟರು ತಿಂಗಳುಗಟ್ಟಲೆ ಬೊಂಬೆ ಆಡಿಸಿ, ಚಿತ್ರ ಬರೆಸಿ, ಉಸಿರು ಎಳೆದುಕೊಳ್ಳುವುದು ಕಲಿಸಿ, ಕೊನೆಗೆ ಇಷ್ಟರಲ್ಲಿ ಆಗುವುದಿಲ್ಲ, ಜೊತೆಗೆ ಮಾತ್ರೆಯೂ ಬೇಕು ಎಂದರು. ನಾವಿಬ್ಬರೂ ಫೋನಿನಲ್ಲೇ ಜಗಳವಾಡಿ, ಅತ್ತು, ಆಮೇಲೆ ಕೊಡೋಣ ಎಂದೆವು. ಆ ತೀರ್ಮಾನ ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ಮಗು ದಿನಾ ಅಷ್ಟು ನರಳುವುದನ್ನು ನೋಡಿಕೊಂಡು ಸುಮ್ಮನಿರಲು ಯಾವ ತಾಯಿಗೆ ಆಗುತ್ತದೆ?

ಮಾತ್ರೆ ಡಾಕ್ಟರು ಎಲ್ಲವನ್ನೂ ಹೇಳಿದ್ದರು. ಹೊಟ್ಟೆ ತೊಳೆಸಬಹುದು, ತಲೆ ನೋಯಬಹುದು, ನಿದ್ದೆ ಏರುಪೇರಾಗಬಹುದು, ಮೊದಲು ಅರ್ಧ ಮಾತ್ರೆ, ಒಗ್ಗಿದರೆ ಆಮೇಲೆ ಒಂದು. ನಾನು ತಲೆಯಾಡಿಸುತ್ತಾ ಕೂತಿದ್ದೆ. ಆಚೆ ಒಂದು ಮಗು ಕಿರುಚಿಕೊಳ್ಳುತ್ತಿತ್ತು, ಚಿಣ್ಣಿ ನನ್ನ ಸೆರಗಿನೊಳಗೆ ಮುಖ ಹುದುಗಿಸಿದ್ದಳು. ಎದ್ದು ಬಾಗಿಲ ಹತ್ತಿರ ಬಂದಾಗ ಅವರು ಹಿಂದಿನಿಂದ, "ಮೊದಲ ಕೆಲವು ವಾರ ಮಗು ಹುಷಾರು. ಏನಿದ್ರೂ ಫೋನ್ ಮಾಡಿ" ಎಂದರು. ರೀ, ಆ ಮಾತು ಕೇಳಿ ನನಗೆ ಆದ ಸಂತೋಷ ಹೇಗೆ ಹೇಳಲಿ! ಕೆಲವೇ ವಾರದಲ್ಲಿ ಮಗು ಹುಷಾರಾಗುತ್ತಾಳೆ ಎಂದು ದೊಡ್ಡ ಡಾಕ್ಟರೇ ಮಾತು ಕೊಟ್ಟರಲ್ಲ ಎಂದು ಮೆಟ್ಟಿಲು ಹಾರಿಕೊಂಡು ಇಳಿದೆ. ಮನೆಗೆ ಬಂದವಳೇ ಅತ್ತೆಗೂ ಅದನ್ನೇ ಹೇಳಿದೆ. ಅವರು ಕಣ್ಣೊರೆಸಿಕೊಂಡು, "ಅವರ ಬಾಯಿಗೆ ಸಕ್ಕರೆ ಹಾಕ" ಎಂದರು.

ಆಮೇಲೆ ನಡೆದದ್ದೂ ಹಾಗೇ ಇತ್ತು, ನೋಡಿ. ಮೊದಮೊದಲು ಊಟ ಸೇರಲಿಲ್ಲ, ತಟ್ಟೆಯ ಮುಂದೆ ಕೂತು ಓಕರಿಸುತ್ತಿದ್ದಳು. ಅದು ಡಾಕ್ಟರು ಹೇಳಿದ್ದೇ ಎಂದು ಧೈರ್ಯ ಮಾಡಿಕೊಂಡೆ. ಅದು ಕಳೆದದ್ದೇ ತಡ, ಹುಡುಗಿ ಬೇರೆಯೇ ಆದಳು. ಅಂಗಡಿಯವನ ಮುಂದೆ ತುಟಿ ಬಿಚ್ಚದವಳು ಅವನ ಮೀಸೆಯನ್ನು ಆಡಿಕೊಂಡು ಬಂದಳು. ಮೂರನೇ ಮಹಡಿಯಿಂದ ಒಬ್ಬಳೇ ದಡದಡ ಇಳಿದು ಹೋದಳು. ಶಾಲೆಯಲ್ಲಿ ಕೈ ಎತ್ತಿ ಉತ್ತರ ಹೇಳಿದಳಂತೆ, ಕೂರು ಎಂದರೂ ಕೂರಲಿಲ್ಲವಂತೆ. ಅತ್ತೆಯಂತೂ ಮೇಲೆ ಕೆಳಗೆ ಇದ್ದವರಿಗೆಲ್ಲ "ನಮ್ಮ ಮೊಮ್ಮಗಳು ಎಷ್ಟು ಹುಷಾರಾಗಿದಾಳೆ ನೋಡಿ" ಎಂದು ಸಾರಿದ್ದೇ ಸಾರಿದ್ದು. ಆ ಭಾನುವಾರ ನಾನು ನಿಮಗೆ ಹೇಳಿದಾಗ ನೀವು ಫೋನಿನಲ್ಲೇ ಗಳಗಳ ಅತ್ತಿರಿ. ಅಷ್ಟು ದೊಡ್ಡ ಗಂಡಸು, ಸುತ್ತ ಕೆಲಸದವರಿದ್ದರೂ ನಾಚಿಕೆಯಿಲ್ಲದೆ ಅತ್ತಿರಲ್ಲ ಎಂದು ಇಡೀ ದಿನ ನೆನೆಸಿಕೊಂಡು ಪರದೆ ಹೊಲಿದೆ. ಅವಳು ಸರಿಯಾಗಿ ಮಲಗುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ಖುಷಿಗೆ ನಿದ್ದೆ ಬರುತ್ತಿಲ್ಲ ಎಂದುಕೊಂಡೆ.

ಆಸ್ಪತ್ರೆಯಿಂದ ಫೋನ್ ಬಂತು. ಅಲ್ಲಿಯ ಹುಡುಗಿ, "ಮಗು ಹೇಗಿದಾಳೆ ಮೇಡಂ, ಏನಾದ್ರೂ ತೊಂದ್ರೆ?" ಎಂದಳು. ನಾನು ಮಿಷಿನ್ ನಿಲ್ಲಿಸದೆ, "ತುಂಬಾ ಹುಷಾರಾಗಿದಾಳಮ್ಮಾ, ಹೀಗೆ ಯಾವತ್ತೂ ಇರ್ಲಿಲ್ಲ" ಎಂದೆ. ಹಾಗಾದರೆ ಡಾಕ್ಟರು ಹೇಳಿದ ಹಾಗೆ ಒಂದು ಮಾತ್ರೆ ಮಾಡಿ ಎಂದು ಫೋನ್ ಇಟ್ಟಳು.

ಒಂದು ಮಾಡಿದ ಮೇಲೆ ನನಗೆ ಭಯ ಶುರುವಾಯಿತು. ಹೇಗೆ ಹೇಳಲಿ, ಅವಳು ಕೂತಲ್ಲಿ ಕೂರುತ್ತಿರಲಿಲ್ಲ. ಕೋಣೆಯ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. "ಕಾಲೊಳಗೆ ಯಾರೋ ಓಡ್ತಿದಾರಮ್ಮಾ, ನಿಲ್ಸು" ಎಂದು ತೊಡೆ ಹೊಡೆದುಕೊಳ್ಳುತ್ತಿದ್ದಳು. ನಗುತ್ತಿದ್ದವಳು ನಗುತ್ತಲೇ ಅತ್ತುಬಿಡುತ್ತಿದ್ದಳು. ಯಾಕೆ ಎಂದರೆ ಗೊತ್ತಿಲ್ಲ. ಹೋಟೆಲಿನವರಿಗೆ ಕೊಡಬೇಕಿದ್ದ ಪರದೆಯನ್ನು ನನ್ನ ದೊಡ್ಡ ಕತ್ತರಿಯಲ್ಲಿ ಅಂಚಿನಿಂದ ಅಂಚಿಗೆ ಕತ್ತರಿಸಿ ಹಾಕಿದಳು. ಬೈಯಲು ಹೋದವಳು ಅವಳ ಮುಖ ನೋಡಿ ಸುಮ್ಮನಾದೆ. ಕಣ್ಣು ಅಗಲ ಬಿಟ್ಟುಕೊಂಡು, ತಾನೇ ಮಾಡಿದ್ದನ್ನು ತಾನೇ ನಂಬದವಳ ಹಾಗೆ ನಿಂತಿದ್ದಳು. ಅತ್ತೆ ಒಂದು ತುತ್ತು ತಿನ್ನು ಎಂದಿದ್ದಕ್ಕೆ ತಟ್ಟೆ ಬೀಸಿದಳು. ನೆರಳು ಕಂಡರೆ ಬೆಚ್ಚುತ್ತಿದ್ದ ನಮ್ಮ ಚಿಣ್ಣಿ, ಅಜ್ಜಿಗೆ! ಅತ್ತೆ ಪಾಪ, ಹಣೆ ಉಜ್ಜಿಕೊಳ್ಳುತ್ತಾ, "ಹೋಗ್ಲಿ ಬಿಡು, ಧೈರ್ಯ ಬಂದಿದೆ ಅಷ್ಟೇ" ಎಂದರು. ನಾನು ಹ್ಞೂಂ ಎಂದೆ. ಆದರೆ ಒಳಗೊಳಗೇ, ಇದು ನನ್ನ ಮಗಳಲ್ಲ, ಯಾರೋ ಅವಳ ಫ್ರಾಕು ಹಾಕಿಕೊಂಡು ಓಡಾಡುತ್ತಿದ್ದಾರೆ ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಇನ್ನು ಮೊನ್ನೆಯ ವಿಷಯ. ನೀವು ಎಲ್ಲಾದರೂ ಕೂತುಕೊಂಡು ಓದಿ, ಮೇಲೆ ಕಂಬದ ಹತ್ತಿರ ನಿಂತು ಓದಬೇಡಿ. ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ, ಅತ್ತೆ ಕಣ್ಣು ಮುಚ್ಚಿದ್ದರು. ಹೆಜ್ಜೆ ಸದ್ದು ನಿಂತುಹೋಯಿತು. ಅಬ್ಬಾ, ಕೊನೆಗೂ ಕೂತಳಲ್ಲ ಎಂದು ಇಣುಕಿದರೆ ಕೋಣೆಯಲ್ಲಿ ಇಲ್ಲ. ಹಾಸಿಗೆಯ ಕೆಳಗಿಲ್ಲ, ಬಾಗಿಲ ಚಿಲಕ ಹಾಕಿದ್ದು ಹಾಕಿದ ಹಾಗೇ ಇದೆ. ಬೀದಿ ಕಡೆಯ ಸರಳಿಲ್ಲದ ಕಿಟಕಿಗೆ ನಾನೇ ಹೊಲಿದು ಹಾಕಿದ ಪರದೆ ಸ್ವಲ್ಪ ಉಬ್ಬಿತ್ತು. ಎಳೆದೆ. ಕಿಟಕಿಯ ಕಟ್ಟೆಯ ಮೇಲೆ, ಎರಡೂ ಕಾಲು ಆಚೆ ಬಿಟ್ಟುಕೊಂಡು ಕೂತಿದ್ದಳು. ಕೆಳಗೆ ಬಸ್ಸು ಹೋಗುತ್ತಿತ್ತು. ಕೂಗಲಿಲ್ಲ, ಕೂಗದಿದ್ದುದೇ ಒಳ್ಳೆಯದಾಯಿತು. ಸೊಂಟ ಹಿಡಿದು ಒಳಗೆ ಎಳೆದುಕೊಂಡೆ, ಇಬ್ಬರೂ ಒಟ್ಟಿಗೆ ನೆಲಕ್ಕೆ ಬಿದ್ದೆವು. ನನ್ನ ಮೊಣಕೈ ಊದಿಕೊಂಡಿದೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ. ಅವಳಿಗೆ ಒಂದು ಗೀರೂ ಬಿದ್ದಿಲ್ಲ.

ಹಾಗೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಸರತಿಯಲ್ಲಿದ್ದವರನ್ನೆಲ್ಲ ತಳ್ಳಿಕೊಂಡು ಒಳಗೆ ನುಗ್ಗಿ ಡಾಕ್ಟರ ಮೇಲೆ ಹರಿಹಾಯ್ದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ. "ಕೆಲವು ವಾರದಲ್ಲಿ ಹುಷಾರು ಅಂದ್ರಲ್ಲ, ಇದಾ ನಿಮ್ಮ ಹುಷಾರು?" ಎಂದೆ. ಅವರು ಗಾಬರಿಯಿಂದ, "ಅದಕ್ಕೇ ತಾನೇ ಅವತ್ತೇ ಎಚ್ಚರಿಸಿದ್ದು, ಮೊದಲ ಕೆಲವು ವಾರ ಮಗು ಹುಷಾರು ಅಂತ?" ಎಂದರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ಹೊಳೆಯಿತು. ನನಗೂ ಹೊಳೆಯಿತು. ಅವರು ಹೇಳಿದ್ದು ಜೋಪಾನ ಎಂದು, ಕಣ್ಣಲ್ಲಿ ಕಣ್ಣಿಟ್ಟು ಕಾಯಿರಿ ಎಂದು. ನಾನು ಕೇಳಿಸಿಕೊಂಡಿದ್ದು ವಾಸಿಯಾಗುತ್ತಾಳೆ ಎಂದು. ಫೋನಿನಲ್ಲಿ ನಾನು ಹುಷಾರಾಗಿದ್ದಾಳೆ ಎಂದಾಗ ಅವರೂ ಅದನ್ನೇ ನಂಬಿ ಮಾತ್ರೆ ಹೆಚ್ಚಿಸಿದ್ದರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇನ್ನು ಆ ಪದ ಬಳಸಲ್ಲಮ್ಮ" ಎಂದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆನೇನೋ.

ಆಮೇಲೆ ಅವರು ನಿಧಾನವಾಗಿ ಕೂರಿಸಿಕೊಂಡು ವಿವರಿಸಿದರು. ಈ ಬಗೆಯ ಮಾತ್ರೆ ಶುರು ಮಾಡಿದಾಗ, ಇಲ್ಲವೇ ಹೆಚ್ಚಿಸಿದಾಗ, ಕೆಲವು ಮಕ್ಕಳಲ್ಲಿ ಹೀಗೆ ಮೈಯೊಳಗೆ ತಳಮಳ ಎದ್ದು ಹಿಡಿತ ತಪ್ಪುತ್ತದಂತೆ. ಎಲ್ಲರಿಗೂ ಆಗುವುದಿಲ್ಲ. ಮಗುವಿನ ತುಂಟತನವಲ್ಲ, ನಮ್ಮ ಸಾಕಣೆಯ ತಪ್ಪೂ ಅಲ್ಲ. ಚಿಣ್ಣಿಯನ್ನು ಒಬ್ಬಳನ್ನೇ ಕೂರಿಸಿಕೊಂಡು, ಸಾಯಬೇಕು ಎನ್ನಿಸುತ್ತಾ, ನೋವು ಮಾಡಿಕೊಳ್ಳಬೇಕು ಎನ್ನಿಸುತ್ತಾ ಎಂದು ನೇರವಾಗಿ ಕೇಳಿದರಂತೆ. ಇಲ್ಲ ಎಂದಳಂತೆ. ಆ ಪ್ರಶ್ನೆಯನ್ನು ನಮ್ಮ ಮಗುವಿಗೆ ಕೇಳಬೇಕಾಯಿತಲ್ಲ ರೀ! ನಾವಾಗಿಯೇ ತಟ್ಟನೆ ಬಿಡಿಸಬಾರದು, ಅದರಿಂದಲೂ ತೊಂದರೆ, ಸದ್ಯ ಅರ್ಧಕ್ಕೆ ಇಳಿಸಿ, ಸೋಮವಾರ ಮತ್ತೆ ಕರೆತನ್ನಿ, ಒಗ್ಗದಿದ್ದರೆ ಬೇರೆ ದಾರಿ ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ಒಂದು ಗಳಿಗೆಯೂ ಒಬ್ಬಳನ್ನೇ ಬಿಡುವಂತಿಲ್ಲ, ಕತ್ತರಿ ಚಾಕು ಕಣ್ಣಿಗೆ ಬೀಳುವಂತಿಲ್ಲ, ಮತ್ತೆ ಹೀಗೇನಾದರೂ ಆದರೆ ಯಾವ ಹೊತ್ತಾದರೂ ಸರಿ ನೇರ ಆಸ್ಪತ್ರೆಗೆ ಬರಬೇಕು. ಬಡಗಿ ಬಂದು ಕಿಟಕಿಗೆ ಅಡ್ಡಪಟ್ಟಿ ಹೊಡೆದು ಹೋದ. ಅದೂ ಸಾಲದೆನ್ನಿಸಿ ಮಿಷಿನ್ನನ್ನೇ ಕಿಟಕಿಗೆ ಒತ್ತಿ ಇಟ್ಟುಕೊಂಡು ಕೂತಿದ್ದೇನೆ.

ಅತ್ತೆ ಮಾತ್ರೆಗಳನ್ನೆಲ್ಲ ಚರಂಡಿಗೆ ಸುರಿ ಎಂದು ಹಟ ಹಿಡಿದಿದ್ದಾರೆ. ಅವರನ್ನು ಬೈದೆ. ಆದರೆ ನಿಜ ಹೇಳಲೇ? ಆ ಅರ್ಧ ಮಾತ್ರೆಯನ್ನು ಅವಳ ನಾಲಿಗೆಯ ಮೇಲಿಡುವಾಗ ನನಗೂ ಸುರಿದುಬಿಡೋಣ ಎನ್ನಿಸುತ್ತದೆ. ಕೊಟ್ಟರೆ ಏನಾಗುತ್ತದೋ, ಕೊಡದಿದ್ದರೆ ಏನಾಗುತ್ತದೋ. ಮಾತಿನ ಡಾಕ್ಟರು ಫೋನ್ ಮಾಡಿ, ಇದೇ ಮಾತ್ರೆಯಿಂದ ಎಷ್ಟೋ ಮಕ್ಕಳು ಚೆನ್ನಾಗಿ ಶಾಲೆಗೆ ಹೋಗುತ್ತಿದ್ದಾರೆ, ಧೈರ್ಯಗೆಡಬೇಡಿ ಎಂದರು. ಆ ಎಷ್ಟೋ ಮಕ್ಕಳು ಸುಖವಾಗಿರಲಿ. ನನಗಿರುವುದು ಒಬ್ಬಳು. ಇವತ್ತು ಬೆಳಿಗ್ಗೆ ಕಾಲು ಹೊಡೆದುಕೊಳ್ಳುವುದು ಸ್ವಲ್ಪ ಕಡಿಮೆಯಾದಂತೆ ಕಂಡಿತು. ಕಂಡಿತು ಎಂದಷ್ಟೇ ಬರೆಯುತ್ತೇನೆ, ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ ಈಗ.

ಮೇಸ್ತ್ರಿಯ ಕೈಕಾಲು ಹಿಡಿದಾದರೂ ರಜೆ ಕೇಳಿ. ಸೋಮವಾರ ಡಾಕ್ಟರ ಮುಂದೆ ಕೂರುವಾಗ ನನ್ನ ಜೊತೆ ಇನ್ನೊಂದು ಜೊತೆ ಕಿವಿ ಇರಲಿ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಊಟ ಬಿಡಬೇಡ ಎಂದಿದ್ದಾರೆ. ನಾನೂ ಅದನ್ನೇ ಹೇಳುತ್ತೇನೆ.

ನಿಮ್ಮ ದಾರಿ ಕಾಯುತ್ತಾ,
ನಿಮ್ಮ ಬಾಯಿಬಡುಕಿ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಲಾರಿ ಬಂದು ಹಾರನ್ ಹೊಡೆಯುತ್ತಿದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಕಿಟಕಿಯಿಂದ ಎಳೆದುಕೊಂಡಾಗ ಅವಳು ಅಳಲಿಲ್ಲ. ನನ್ನ ಮೇಲೆ ಬಿದ್ದವಳು ತಲೆ ಎತ್ತಿ, "ಅಮ್ಮಾ, ಭಯ ಬರತ್ತಾ ಅಂತ ನೋಡ್ದೆ. ಒಂಚೂರೂ ಬರ್ಲಿಲ್ಲ!" ಎಂದಳು. ಎಂದು, ನನ್ನ ಮುಖವನ್ನೇ ನೋಡುತ್ತಾ ಕಾದಳು. ಯಾಕೆಂದು ನಿಮಗೆ ಗೊತ್ತು. ಇಷ್ಟು ದಿನ ಅವಳು ಭಯ ಆಗಲಿಲ್ಲ ಎಂದಾಗಲೆಲ್ಲ ನಾವಿಬ್ಬರೂ ಶಭಾಷ್ ಎಂದು ಕುಣಿದವರಲ್ಲವೇ? ನಾನು ಅವಳನ್ನು ಎತ್ತಿಕೊಂಡು ಎದ್ದು ಕಿಟಕಿ ಮುಚ್ಚಿದೆ. ಆಗ, "ಭಾನುವಾರ ಅಪ್ಪಂಗೆ ನಾನೇ ಹೇಳ್ತೀನಿ" ಎಂದಳು. ಅದಕ್ಕೇ ಕಾದಿದ್ದಾಳೆ ರೀ. ಫೋನ್ ಮಾಡಿದಾಗ ಅತ್ತುಬಿಡಿ, ಬೈಯಿರಿ, ಬೇಕಾದರೆ ಲೈನ್ ಕಟ್ಟಾಯಿತೆಂದು ಇಟ್ಟುಬಿಡಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಶಭಾಷ್ ಮಾತ್ರ ಅನ್ನಬೇಡಿ.